ತಟ್ಟೆಯ ಗುರುತು

ಇಪ್ಪತ್ತಾರು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದವಳ ಹತ್ತಿರ ಹೇಸಿಗೆ ಅಷ್ಟು ಸುಲಭವಾಗಿ ಸುಳಿಯುವುದಿಲ್ಲ. ರಕ್ತ, ಕೀವು, ವಾಂತಿ, ಇನ್ನೂ ಬಾಯಿಬಿಟ್ಟು ಹೇಳಲಾಗದ ಏನೇನೋ ಮೆತ್ತಿಕೊಂಡ ಹಾಸಿಗೆ ಬಟ್ಟೆಗಳನ್ನು ಇದು ತಣ್ಣೀರಿಗೆ, ಇದು ಬಿಸಿನೀರಿಗೆ, ಇದು ನೇರ ಬೆಂಕಿಗೆ ಎಂದು ಬೇರ್ಪಡಿಸಿ, ಕೈ ತೊಳೆದು, ಡಬ್ಬಿ ಬಿಚ್ಚಿ ಉಣ್ಣುವ ಹೆಂಗಸು ಅವಳು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನವನ ತನಕ ಎಲ್ಲರೂ ಅವಳನ್ನು ಲಾಂಡ್ರಿಯಮ್ಮ ಎಂದೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯರು ಮೂಗು ಮುಚ್ಚಿಕೊಂಡರೆ, ಮೈಯಿಂದ ಬಂದದ್ದು ನೀರಿಗೆ ಹೋಗುತ್ತದೆ, ಅದಕ್ಕೇಕೆ ಅಸಹ್ಯ ಎಂದು ನಗುತ್ತಿದ್ದಳು. ಅಂಥವಳಿಗೆ ಐವತ್ತೇಳನೆಯ ವಯಸ್ಸಿನಲ್ಲಿ, ತನ್ನದೇ ಮನೆಯ ಹಜಾರದಲ್ಲಿ, ಗಂಡನ ಸಿನಿಮಾಗಳನ್ನು ನೋಡುತ್ತಾ ಹೇಸಿಗೆ ಹುಟ್ಟಿತು.

ಗಂಡನ ವಿಷಯ ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ಆತ ಒಂದು ಕಾಲಕ್ಕೆ ಪೇಟೆಯಲ್ಲಿ ಸಿನಿಮಾಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ. ಮೊದಲು ಕ್ಯಾಸೆಟ್ಟು, ಆಮೇಲೆ ಡಿಸ್ಕು. ಜನ ಫೋನಿನಲ್ಲೇ ಸಿನಿಮಾ ನೋಡುವುದನ್ನು ಕಲಿತ ಮೇಲೆ ಅಂಗಡಿಗೆ ಬೀಗ ಬಿತ್ತು, ಮಾಲೆಲ್ಲ ಮನೆಗೆ ಬಂತು. ಇದ್ದ ಎರಡು ಕೋಣೆಗಳಲ್ಲಿ ಒಂದರ ಮೂರು ಗೋಡೆಗೂ ಕಪಾಟು ಎದ್ದು, ನೆಲದ ಮೇಲೆ ಹದಿನೇಳು ರಟ್ಟಿನ ಪೆಟ್ಟಿಗೆ ಕೂತವು. ಬೀದಿಯವರು ಗೇಲಿಗೆಂದು ಟಾಕೀಸಪ್ಪ ಎಂದು ಹೆಸರಿಟ್ಟರು. ಆತ ಅದನ್ನು ಬಿರುದು ಎಂದೇ ತಿಳಿದು ಮೀಸೆ ತಿರುವಿದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಟಾಕೀಸಪ್ಪನಿಗೆ ಹೆತ್ತ ಮಕ್ಕಳಿಗಿಂತ ಡಿಸ್ಕುಗಳೇ ಮುದ್ದಾಗಿದ್ದವು.

ಕ್ಯಾಸೆಟ್ಟಿರಲಿ ಡಿಸ್ಕಿರಲಿ, ಒಂದೊಂದರ ಡಬ್ಬಿಯ ಬೆನ್ನ ಮೇಲೂ ಕೆಂಪು ಶಾಯಿಯಲ್ಲಿ ಒಂದು ಪುಟ್ಟ ವೃತ್ತ, ಅದರೊಳಗೆ ಒಂದು ಅಂಕಿ ಇರುತ್ತಿತ್ತು. ಗಿರಾಕಿಗಳು ಅಂಗಡಿಯ ನಂಬರು ಎಂದುಕೊಂಡಿದ್ದರು. ಅದು ನಂಬರಲ್ಲ, ತಟ್ಟೆ. ವೃತ್ತದೊಳಗೆ ೧.೪೨ ಎಂದಿದ್ದರೆ, ಸಿನಿಮಾ ಶುರುವಾಗಿ ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಲಾಂಡ್ರಿಯಮ್ಮ ಎದ್ದು ಒಲೆ ಹಚ್ಚಬೇಕು ಎಂದರ್ಥ. ಆಗ ಪರದೆಯ ಮೇಲೆ ಶುಭಂ ಬೀಳುವುದಕ್ಕೂ ತಟ್ಟೆಗೆ ಬಿಸಿ ಅನ್ನ ಬೀಳುವುದಕ್ಕೂ ಸರಿಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಇದನ್ನು ಗಂಡನ ಜಾಣತನ ಎಂದು ಅವಳೇ ಅಕ್ಕಪಕ್ಕದವರ ಮುಂದೆ ಹೇಳಿಕೊಂಡಿದ್ದಳು.

ಹೀಗಾಗಿ ಮೂವತ್ತು ವರ್ಷದಲ್ಲಿ ಅವಳು ನೂರಾರು ಸಿನಿಮಾ ನೋಡಿದ್ದಳು, ಒಂದರ ಕೊನೆಯನ್ನೂ ನೋಡಿರಲಿಲ್ಲ. ಅಡುಗೆಮನೆಯಲ್ಲಿ ಆ ಕಾಲದ ಪಂಪ್ ಒಲೆ ಭರ್ರೆಂದು ಕೂಗುವಾಗ ಹಜಾರದ ಮಾತು ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಬಡಿಸುವಾಗ ಕೇಳಿದರೆ ಟಾಕೀಸಪ್ಪನ ಉತ್ತರ ಯಾವಾಗಲೂ ಒಂದೇ. "ಎಲ್ಲಾ ಸರಿಹೋಯ್ತು, ಬಡಿಸು."

ಎಲ್ಲ ಸರಿಹೋಯಿತು ಎಂದರೆ ಏನಾಗಿರಬೇಕು? ಅದನ್ನು ಅವಳು ತನಗೆ ತೋಚಿದಂತೆ ತುಂಬಿಕೊಂಡಳು. ಸಣ್ಣವಳಾಗಿದ್ದ ಮಗಳು ಕಥೆ ಹೇಳು ಎಂದು ಸೆರಗು ಹಿಡಿದರೆ, ಮುಕ್ಕಾಲು ಪಾಲು ಸಿನಿಮಾದಿಂದ, ಕೊನೆಯ ಕಾಲು ಪಾಲು ತನ್ನ ತಲೆಯಿಂದ ತೆಗೆದು ಹೇಳಿದಳು. ಸಿನಿಮಾಗಳ ಹೆಸರು ಅವಳಿಗೆ ನೆನಪಿರುತ್ತಿರಲಿಲ್ಲ. ಹಳದಿ ಕೊಡೆಯದು, ಕುಂಟ ನಾಯಿಯದು, ಕೆಂಪು ಸೂಟ್‌ಕೇಸಿನದು, ಹೀಗೆ ಅವಳದೇ ಗುರುತು. ಮಗಳು ಆ ಕಥೆಗಳನ್ನು ಉಂಡು ಬೆಳೆದಳು.

ಆ ಮಗಳು ಒಂದು ಗುರುವಾರ ಸಂಜೆ, ಗಾಲಿ ಮುರಿದ ಸೂಟ್‌ಕೇಸನ್ನು ಎಳೆದುಕೊಂಡು, ಆರು ವರ್ಷದ ಪುಟ್ಟಿಯ ಕೈ ಹಿಡಿದು ಬಾಗಿಲಿಗೆ ಬಂದಳು. ಗಂಡ ಹೊಡೆದ ಎಂದಳು. ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದಳು. ಟಾಕೀಸಪ್ಪ ಟೀವಿಯಿಂದ ಕಣ್ಣು ಕೀಳದೆಯೇ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದ. ಲಾಂಡ್ರಿಯಮ್ಮ ಹೋಗು ಎನ್ನಲಿಲ್ಲ, ಇರು ಎಂದೂ ಬಾಯಿಬಿಟ್ಟು ಹೇಳಲಿಲ್ಲ. ಅನ್ನ ಹಾಕಿದಳು, ಎರಡು ಮೊಟ್ಟೆ ಹುರಿದಳು, ಹಜಾರದಲ್ಲಿ ಚಾಪೆ ಹಾಸಿದಳು. ನಾಲ್ಕು ದಿನ ಇರಲಿ ಬಿಡಿ ಎಂದು ಗಂಡನಿಗೆ ಮೆಲ್ಲಗೆ ಹೇಳಿದಳು. ನಾಲ್ಕು ದಿನ ಆದಮೇಲೆ ಏನು ಎಂಬುದನ್ನು ಯಾರೂ ಎತ್ತಲಿಲ್ಲ.

ಎತ್ತಿದವನು ಮಗ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು, ಮಾತು ಕಡಿಮೆ. ಅಕ್ಕ ಮತ್ತು ಮಗು ಬಂದ ಮೇಲೆ ಅವನ ಚಾಪೆ ಬಾಗಿಲ ಸಂದಿಗೆ ಸರಿದಿತ್ತು. ಐದನೆಯ ದಿನ ಊಟದ ಹೊತ್ತಿಗೆ, ಆ ಕೋಣೆ ಖಾಲಿ ಮಾಡಿದರೆ ಅಕ್ಕ ಅಲ್ಲಿರಬಹುದಲ್ಲ ಎಂದ.

"ಅದು ಕೋಣೆ ಅಲ್ಲ, ಲೈಬ್ರರಿ" ಎಂದ ಟಾಕೀಸಪ್ಪ.

ಮಗ ಎದ್ದು ಹೋಗಿ ಒಂದು ಡಿಸ್ಕು ತಂದು, ಅಂಗಡಿಯಲ್ಲಿ ಗಾಜು ನೋಡುವಂತೆ ದೀಪಕ್ಕೆ ಹಿಡಿದ. "ಬೂಷ್ಟು ಹಿಡಿದಿದೆ ಅಪ್ಪ. ಅರ್ಧಕ್ಕರ್ಧ ಓಡೋದೇ ಇಲ್ಲ."

ಮಾನದ ಪ್ರಶ್ನೆ ಬಂತು. ತಟ್ಟೆ ಮುಂದಿಟ್ಟುಕೊಂಡೇ ಅಪ್ಪ ಮಗನ ನಡುವೆ ಜಟಾಪಟಿ ನಡೆದು, ಕೊನೆಗೊಂದು ಒಪ್ಪಂದವಾಯಿತು. ಒಂದೊಂದನ್ನೂ ತೊಳೆದು, ಹಾಕಿ, ಕೊನೆಯ ತನಕ ಓಡಿಸಿ ನೋಡುವುದು. ಓಡದ್ದು ಹೊರಗೆ, ಓಡಿದ್ದು ಒಳಗೆ. ಟಾಕೀಸಪ್ಪನಿಗೆ ತನ್ನ ಮಾಲಿನ ಮೇಲೆ ನಂಬಿಕೆ ಇತ್ತು. ತೊಳೆಯುವವಳು ಯಾರು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಕೆಲಸದಿಂದ ಬಂದ ಮೇಲೆ ಲಾಂಡ್ರಿಯಮ್ಮ ಬಚ್ಚಲಲ್ಲಿ ಬೇಸಿನ್ ಇಟ್ಟುಕೊಂಡು ದಿನಕ್ಕೆ ಒಂದೆರಡು ಡಿಸ್ಕು ತೊಳೆದಳು. ನಡುವಿನಿಂದ ಅಂಚಿಗೆ, ಮೆತ್ತನೆಯ ಬಟ್ಟೆಯಲ್ಲಿ, ಗೀರು ಬೀಳದಂತೆ. ಬೂಷ್ಟು ಬೆರಳಿಗೆ ಲೋಳೆ ಲೋಳೆಯಾಗಿ ಅಂಟುತ್ತಿತ್ತು. ಎಷ್ಟೋ ವರ್ಷದ ಗಿರಾಕಿಗಳ ಎಣ್ಣೆ ಬೆರಳು, ಸತ್ತ ಜಿರಲೆಯ ಮೊಟ್ಟೆ, ಒದ್ದೆ ಹಾಸಿಗೆಯ ನಾತ. ಆಸ್ಪತ್ರೆಯ ಬಟ್ಟೆಗಿಲ್ಲದ ಒಂದು ಅಸಹ್ಯ ಇದಕ್ಕಿದೆಯಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಆದರೂ ತೊಳೆಯುವುದರಲ್ಲಿ ಅವಳದು ಎತ್ತಿದ ಕೈ. ಅವಳು ತೊಳೆದ ಡಿಸ್ಕುಗಳು ಹೊಸ ತಟ್ಟೆಗಳಂತೆ ಮಿರಮಿರ ಮಿಂಚಿದವು, ಒಂದೂ ಬಿಡದೆ ಓಡಿದವು. ಕೋಣೆಯಿಂದ ಒಂದು ಪೆಟ್ಟಿಗೆಯೂ ಹೊರಗೆ ಬರಲಿಲ್ಲ.

ಸಂಜೆ ಐದೂವರೆಗೆ ಸಿನಿಮಾ ಶುರು. ಈಗ ಒಲೆ ಹಚ್ಚುವವಳು ಮಗಳು. ನೀನು ದಣಿದು ಬಂದಿದೀಯ, ಕೂತ್ಕೋ ಎಂದು ಅವಳೇ ತಾಯಿಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದ್ದಳು. ಹಾಗಾಗಿ ಮದುವೆಯಾದಂದಿನಿಂದ ಮೊದಲ ಸಲ ಲಾಂಡ್ರಿಯಮ್ಮ ತಟ್ಟೆಯ ಗುರುತು ದಾಟಿಯೂ ಕುರ್ಚಿಯಲ್ಲಿ ಕೂತಿದ್ದಳು.

ಮೊದಲು ನೋಡಿದ್ದು ಹಳದಿ ಕೊಡೆಯದು. ಅದರಲ್ಲಿ ಒಬ್ಬ ಹುಡುಗ ಕಾಲೇಜಿನ ಹುಡುಗಿಯ ಹಿಂದೆ ತಿಂಗಳುಗಟ್ಟಲೆ ಬೀಳುತ್ತಾನೆ, ದಾರಿಯಲ್ಲಿ ಅಡ್ಡಗಟ್ಟುತ್ತಾನೆ, ಕೈ ಹಿಡಿದೆಳೆಯುತ್ತಾನೆ. ಹುಡುಗಿ ಕೊಡೆಯಲ್ಲಿ ಅವನ ತಲೆಗೊಂದು ಬಿಡುತ್ತಾಳೆ. ಅಲ್ಲಿಗೆ ಲಾಂಡ್ರಿಯಮ್ಮ ಏಳುತ್ತಿದ್ದಳು. ಆಮೇಲೆ ಆ ಹುಡುಗಿ ವಕೀಲೆಯಾಗಿ ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದಳು ಎಂದು ಮಗಳಿಗೆ ಹೇಳಿದ್ದಳು. ಈಗ ನೋಡಿದರೆ ಹುಡುಗಿ ಆಸ್ಪತ್ರೆಗೆ ಹೋಗಿ, ತಲೆಗೆ ಪಟ್ಟಿ ಕಟ್ಟಿಸಿಕೊಂಡವನ ಎದೆಗೆ ಒರಗಿ ಅತ್ತಳು. ಕೊಡೆಯನ್ನು ಅವನೇ ಬಿಚ್ಚಿ ಇಬ್ಬರಿಗೂ ಹಿಡಿದ.

ಕುಂಟ ನಾಯಿಯದರಲ್ಲಿ ಕೆಡಿಸಿದವನಿಗೇ ಹುಡುಗಿಯನ್ನು ಕೊಟ್ಟು ಮದುವೆ ಮಾಡಿದರು. ಊರಿಗೆ ಊರೇ ಕೈ ತಟ್ಟಿತು, ನಾಯಿಯೂ ಬಾಲ ಅಲ್ಲಾಡಿಸಿತು. ಇನ್ನೊಂದರಲ್ಲಿ ಹಾಡುವ ಹೆಂಡತಿ ಹಾಡು ಬಿಟ್ಟಳು. ಮತ್ತೊಂದರಲ್ಲಿ ಓದಿದ ಹೆಂಡತಿ ತನ್ನ ಪುಸ್ತಕಗಳನ್ನು ತಾನೇ ಒಲೆಗೆ ಹಾಕಿ, ಆ ಉರಿಯಲ್ಲಿ ಗಂಡನಿಗೆ ಹಾಲು ಕಾಯಿಸಿದಳು. ದಿನಕ್ಕೊಂದರಂತೆ ಎರಡು ವಾರ. ಹೆಸರು ಬೇರೆ, ಬಟ್ಟೆ ಬೇರೆ, ಕೊನೆ ಮಾತ್ರ ಒಂದೇ ಅಚ್ಚಿನದು.

ಟಾಕೀಸಪ್ಪ ಹುರಿದ ಕಡಲೆಕಾಯಿ ಬಾಯಿಗೆಸೆದುಕೊಳ್ಳುತ್ತಾ, ನಾಯಕನ ಮಾತನ್ನು ನಾಯಕನಿಗಿಂತ ಮುಂಚೆ ತಾನೇ ಹೇಳುತ್ತಿದ್ದ. ಏಟು ಬೀಳುವ ಜಾಗ ಹತ್ತಿರವಾದರೆ ಮುಂದಕ್ಕೆ ಬಾಗಿ, "ಈಗ ನೋಡು, ಈಗ ನೋಡು" ಎನ್ನುತ್ತಿದ್ದ. ಬಾಯಿಯಿಂದ ಕಡಲೆಕಾಯಿಯ ಚೂರು ಹಾರುತ್ತಿತ್ತು. ಲಾಂಡ್ರಿಯಮ್ಮನಿಗೆ ಆ ಚೂರುಗಳನ್ನು ನೋಡಲಾಗುತ್ತಿರಲಿಲ್ಲ. ಇದಕ್ಕೂ ಹೆಚ್ಚಾಗಿ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು. ಈ ಜಾಗಗಳಲ್ಲೇ ತಾನೂ ನಕ್ಕಿದ್ದಳಲ್ಲ. ಪಕ್ಕದ ಮನೆಯವರನ್ನು ಕರೆದು ಕೂರಿಸಿ ಚಹಾ ಕೊಟ್ಟಿದ್ದಳಲ್ಲ. ಮೂವತ್ತು ವರ್ಷ ಇಂಥದ್ದಕ್ಕೆ ಹೊತ್ತು ಹೊತ್ತಿಗೆ ಸರಿಯಾಗಿ ಅನ್ನ ಬೇಯಿಸಿದ್ದಳಲ್ಲ.

ಈ ನಡುವೆ ಇನ್ನೊಂದು ಕಿರಿಕಿರಿ ಶುರುವಾಗಿತ್ತು. ಮಗಳು ಅಡುಗೆಮನೆಯಿಂದ ಬಂದಾಗಲೆಲ್ಲ ಟೀವಿಯ ಸದ್ದು ಹೆಚ್ಚಿಸುತ್ತಿದ್ದಳು. ಟಾಕೀಸಪ್ಪ ತಗ್ಗಿಸುತ್ತಿದ್ದ. ಬೀದಿಗೆಲ್ಲ ಕೇಳಿಸಬೇಕಾ ಎಂದು ಗದರುತ್ತಿದ್ದ. ಅವಳು ಮಾತಾಡದೆ ಕುರ್ಚಿಯನ್ನು ಓರೆಯಾಗಿ ತಿರುಗಿಸಿ, ಬಲಗೆನ್ನೆಯನ್ನು ಟೀವಿಯ ಕಡೆ ಮಾಡಿ ಕೂರುತ್ತಿದ್ದಳು. ಲಾಂಡ್ರಿಯಮ್ಮ ನೋಡಿದ್ದಳು, ಯೋಚಿಸಿರಲಿಲ್ಲ.

ಮೂರನೆಯ ವಾರದ ಮಂಗಳವಾರ ಕೆಂಪು ಸೂಟ್‌ಕೇಸಿನ ಸರದಿ ಬಂತು. ಅದು ಟಾಕೀಸಪ್ಪ ನಲವತ್ತು ಸಲ ನೋಡಿದ ಸಿನಿಮಾ. ಮಗಳಿಗೂ ಪ್ರಾಣ. ಅವಳು ಅದನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು, ಸಣ್ಣವಳಿದ್ದಾಗ ಒಲೆ ಹಚ್ಚುವ ಹೊತ್ತಿಗೆ ಅಮ್ಮನ ಹಿಂದೆಯೇ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅಂದು ಅಡುಗೆಯನ್ನು ಬೇಗನೆ ಮುಗಿಸಿ, ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದು ನನ್ನ ಪಿಕ್ಚರ್ ಕಣೆ" ಎಂದಳು. ಮನೆಗೆ ಬಂದ ಮೇಲೆ ಅವಳ ಮುಖದಲ್ಲಿ ನಗು ಕಂಡಿದ್ದು ಅವತ್ತೇ.

ಕಥೆ ಇಷ್ಟೇ. ರೈಲು ಓಡಿಸುವವನೊಬ್ಬನಿಗೆ ಮೆದು ಸ್ವಭಾವದ ಹೆಂಡತಿ. ಅವನ ತಂಗಿ ಚಾಡಿ ಹೇಳುತ್ತಾಳೆ, ಅವನು ತುಂಬಿದ ಮನೆಯಲ್ಲಿ ಹೆಂಡತಿಯ ಕೆನ್ನೆಗೆ ಬಾರಿಸುತ್ತಾನೆ. ಅವಳು ಕೆಂಪು ಸೂಟ್‌ಕೇಸ್ ಹಿಡಿದು ಹೊರಟುಬಿಡುತ್ತಾಳೆ.

ಕೆನ್ನೆಗೆ ಬಾರಿಸುವ ಜಾಗ ಬಂತು. ಟಾಕೀಸಪ್ಪ ಬಾಗಿದ. "ಈಗ ನೋಡು."

ಆ ಕಾಲದ ಸಿನಿಮಾಗಳಲ್ಲಿ ಏಟಿನ ಸದ್ದು ಪಟಾಕಿಯ ಹಾಗೆ. ಅದು ಸಿಡಿಯುವ ಒಂದು ಕ್ಷಣ ಮುಂಚೆ ಪುಟ್ಟಿ ಚಂಗನೆ ಎದ್ದಳು. ಮಕ್ಕಳು ಹೆದರಿದರೆ ತಮ್ಮ ಕಿವಿ ಮುಚ್ಚಿಕೊಳ್ಳುತ್ತವೆ. ಈ ಮಗು ತನ್ನ ಎರಡೂ ಕೈಗಳನ್ನು ತಾಯಿಯ ಎಡಗಿವಿಗೆ ಒತ್ತಿ ಹಿಡಿಯಿತು. ಅಭ್ಯಾಸವಾದ ಕೆಲಸದ ಹಾಗೆ, ತಡವರಿಸದೆ. ಮಗಳು ಕಣ್ಣು ಮುಚ್ಚಿ ತಲೆ ತಗ್ಗಿಸಿದಳು. ಟಾಕೀಸಪ್ಪ ಚಪ್ಪಾಳೆ ತಟ್ಟಿದ. ಲಾಂಡ್ರಿಯಮ್ಮ ಮಾತ್ರ ಟೀವಿ ನೋಡುತ್ತಿರಲಿಲ್ಲ. ಅವಳ ಕಣ್ಣು ಆ ಎರಡು ಪುಟ್ಟ ಕೈಗಳ ಮೇಲಿತ್ತು. ಒಂದೇ ಒಂದು ಏಟು ಎಂದು ತಾನು ಇಷ್ಟು ದಿನ ತನಗೇ ಹೇಳಿಕೊಂಡಿದ್ದು ಸುಳ್ಳು ಎಂದು ಅವಳಿಗೆ ಆಗಲೇ ತಿಳಿದುಹೋಯಿತು.

ಸಿನಿಮಾ ಮುಂದೆ ಓಡಿತು. ಹುಡುಗಿ ತೌರಿನ ಬಾಗಿಲು ತಟ್ಟಿದಳು. ಶುರುವಾಗಿ ಒಂದು ಗಂಟೆ ನಲವತ್ತೆರಡು ನಿಮಿಷ ಕಳೆದಿತ್ತು, ಡಬ್ಬಿಯ ವೃತ್ತದೊಳಗೆ ಬರೆದಿದ್ದ ಹೊತ್ತು.

"ಈಗ ಆ ಅಜ್ಜಿ ಬಾಗಿಲಲ್ಲಿ ನಿಂತ್ಕೋತಾಳೆ ನೋಡು" ಎಂದು ಮಗಳು ಪುಟ್ಟಿಯ ಕಿವಿಯಲ್ಲಿ ಹೇಳಿದಳು. "ಅವನು ಕರ್ಕೊಂಡು ಹೋಗಕ್ಕೆ ಬರ್ತಾನೆ. ನನ್ನ ಮಗಳು ಬರಲ್ಲ, ನೀನು ಹೋಗಬಹುದು ಅಂತಾಳೆ. ಅಲ್ಲಾಡೋದೇ ಇಲ್ಲ ಅವಳು."

ಪರದೆಯ ಮೇಲೆ ಬಾಗಿಲು ತೆರೆಯಿತು. ತಾಯಿ ಬಂದಳು. ಸೂಟ್‌ಕೇಸನ್ನು ಮಗಳ ಕೈಯಿಂದ ಕಿತ್ತು ಬೀದಿಗೆ ಎಸೆದಳು. ಹೆಣ ಬೀಳುವುದಿದ್ದರೆ ಗಂಡನ ಮನೆಯಲ್ಲೇ ಬೀಳಲಿ ಎಂದು ಬಾಗಿಲು ಹಾಕಿಕೊಂಡಳು. ಹುಡುಗಿ ತಿರುಗಿ ಹೋದಳು. ಅಷ್ಟರಲ್ಲಿ ರೈಲಿನವನಿಗೆ ಅಪಘಾತವಾಗಿತ್ತು. ಅವನ ಪಾದದ ಕೆಸರನ್ನು ಅವಳು ತನ್ನ ಕೂದಲಿನಲ್ಲಿ ಒರೆಸಿದಳು. ಅವನು, ಅಂದು ನೋವಾಯಿತೇ ಎಂದು ಕೇಳಿದ. ಅವಳು ಏಟು ಬಿದ್ದ ಕೆನ್ನೆಯನ್ನು ಸವರಿಕೊಂಡು, ಇದು ನೀವು ಕೊಟ್ಟ ಒಡವೆ ಎಂದಳು. ಶುಭಂ.

ಲಾಂಡ್ರಿಯಮ್ಮ ಬಚ್ಚಲಿಗೆ ಹೋಗಿ ಮಧ್ಯಾಹ್ನ ಉಂಡದ್ದನ್ನೆಲ್ಲ ಕಕ್ಕಿದಳು.

ಅವಳು ಬಾಯಿ ತೊಳೆದು ಬರುವಾಗ ಹಜಾರದಲ್ಲಿ ಮಗಳು ಅಪ್ಪನನ್ನು ಕೇಳುತ್ತಿದ್ದಳು, ಇದಕ್ಕೆ ಇನ್ನೊಂದು ಕೊನೆ ಇರುವ ಡಿಸ್ಕು ಇದೆಯಾ ಎಂದು. ಒಂದು ಸಿನಿಮಾಗೆ ಎಷ್ಟು ಕೊನೆ ಇರುತ್ತದೆ, ನಿನ್ನ ತಲೆ ಸರಿ ಇದೆಯಾ ಎಂದು ಆತ ಬೈದ. ಮಗಳು ತಾಯಿಯ ಮುಖ ನೋಡಿದಳು. ಲಾಂಡ್ರಿಯಮ್ಮ ಅಡುಗೆಮನೆಗೆ ಹೋದಳು, ಮಗಳು ಹಿಂದೆಯೇ ಬಂದಳು.

"ನಾನೇ ಕಟ್ಟಿ ಹೇಳಿದ್ದು" ಎಂದಳು ತಾಯಿ. "ನನಗೆ ಕೊನೆ ಗೊತ್ತಿರಲಿಲ್ಲ."

"ಎಲ್ಲಾನೂ?"

"ಎಲ್ಲಾನೂ."

ಮಗಳು ಪಾತ್ರೆಯ ಮುಚ್ಚಳವನ್ನು ಸರಿಮಾಡಿದಳು. ಆಮೇಲೆ ಅವಳು ಹೇಳಿದ ಮಾತು ಲಾಂಡ್ರಿಯಮ್ಮನ ಎದೆಯಲ್ಲಿ ಬಹಳ ದಿನ ಮುಳ್ಳಾಗಿ ಕೂತಿತು. "ಬಸ್ಸಲ್ಲಿ ಬರ್ತಾ ಒಂದೇ ಯೋಚನೆ ಮಾಡಿದ್ದೆ ಅಮ್ಮ. ನೀನು ಬಾಗಿಲಲ್ಲಿ ನಿಂತ್ಕೋತೀಯ ಅಂತ. ನೀನು ಅನ್ನ ಹಾಕಿದೆ. ಅಷ್ಟೆ."

ಮರುದಿನ ಲಾಂಡ್ರಿಯಮ್ಮ ಮಗಳನ್ನು ತನ್ನ ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ದೀಪ ಹಾಕಿ ನೋಡಿ, ಕಿವಿತಮಟೆ ಹರಿದಿದೆ ಎಂದರು. ಒಂದು ಸಲದ್ದಲ್ಲ, ಹಳೆಯ ಗಾಯದ ಮೇಲೆ ಹೊಸದು ಎಂದರು. ಎಷ್ಟು ಸಲ ಎಂದು ಕೇಳಿದರೆ ಮಗಳು ಲೆಕ್ಕ ಇಟ್ಟಿಲ್ಲ ಎಂದಳು. ಡಾಕ್ಟರು ಎಲ್ಲವನ್ನೂ ಚೀಟಿಯಲ್ಲಿ ಬರೆದು, ಕೆಳಗೆ ಮೊಹರು ಒತ್ತಿ ಕೊಟ್ಟರು. ಲಾಂಡ್ರಿಯಮ್ಮ ಅದನ್ನು ನಾಲ್ಕು ಮಡಿಕೆ ಮಾಡಿ ತನ್ನ ಪರ್ಸಿನಲ್ಲಿಟ್ಟುಕೊಂಡಳು.

ಸಂಜೆ ಗಂಡನಿಗೆ ಹೇಳಿದಳು. ಆತ ಕಡಲೆಕಾಯಿ ಬಿಡಿಸುವುದನ್ನು ಒಂದು ಗಳಿಗೆ ನಿಲ್ಲಿಸಿದ. ವಾಸಿಯಾಗತ್ತಲ್ಲ ಎಂದು ಕೇಳಿದ. ಆಗಬಹುದಂತೆ ಎಂದಳು. "ಹಂಗಾದ್ರೆ ಸರಿ. ಅಳಿಯಂದ್ರಿಗೆ ಫೋನ್ ಮಾಡಿದ್ದೆ. ಪಾಪ, ತುಂಬಾ ನೊಂದ್ಕೊಂಡ್ರು. ಭಾನುವಾರ ಬರ್ತಾರೆ."

ಆ ಪಾಪ ಎಂಬ ಮಾತು ಕೇಳಿ ಅವಳ ಮೈಯೆಲ್ಲ ಮುಳ್ಳೆದ್ದಿತು. ಮದುವೆಯಾದ ಮಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀಯ, ಅವಳ ಮಗುವಿಗೆ ಅಪ್ಪ ಬೇಡವಾ, ಬೀದಿಯವರು ಆಗಲೇ ಕೇಳುತ್ತಿದ್ದಾರೆ ಎಂದು ಆತ ಸಾಲಾಗಿ ಹೇಳುತ್ತಾ ಹೋದ. ಒಂದೊಂದೂ ಅವಳು ಆ ಎರಡು ವಾರದಲ್ಲಿ ಟೀವಿಯಲ್ಲಿ ಕೇಳಿದ ಮಾತೇ. ಈ ಮನುಷ್ಯನದು ಅಂತ ಒಂದು ಸ್ವಂತ ಮಾತಾದರೂ ಇದೆಯಾ ಎಂದು ಅವಳಿಗೆ ಅನಿಸಿತು.

ಮಗನನ್ನು ಕೇಳಿದರೆ, ಭಾವ ಮಾತಾಡಕ್ಕೆ ಬಂದ್ರೆ ಕೇಳಬೇಕಲ್ವಾ ಎಂದು ಕಣ್ಣು ತಪ್ಪಿಸಿದ. ಕೆಟ್ಟವನಲ್ಲ, ಗಟ್ಟಿಯೂ ಅಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕುಗ್ಗಿಸಿದ್ದು ಮಗಳು. ಶನಿವಾರ ಅವಳು ತಾನೇ ಬಟ್ಟೆ ಮಡಿಸಿ ಸೂಟ್‌ಕೇಸಿಗೆ ತುಂಬಿದಳು. ಮುರಿದ ಗಾಲಿಗೆ ದಾರ ಕಟ್ಟಿದಳು. "ಹೋಗ್ತೀನಿ ಬಿಡಮ್ಮ. ಕೊನೇಲಿ ಎಲ್ರೂ ಹೋಗ್ತಾರಂತಲ್ಲ" ಎಂದಳು. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ.

ಅಂದು ಲಾಂಡ್ರಿಯಮ್ಮ ಕೆಂಪು ಸೂಟ್‌ಕೇಸಿನ ಡಿಸ್ಕನ್ನು ತೆಗೆದು, ಪಾತ್ರೆ ಉಜ್ಜುವ ತಂತಿಯ ಜೊತೆ ಬಚ್ಚಲಿಗೆ ಒಯ್ದಳು. ಒಂದು ಗೀರು ಸಾಕಿತ್ತು. ಕೈ ಬರಲಿಲ್ಲ. ಕನಿಕರದಿಂದಲ್ಲ. ಡಿಸ್ಕು ಕೆಡಿಸಿದರೆ ಕೊನೆ ಕಾಣದೆ ಹೋಗುತ್ತದೆ ಅಷ್ಟೆ, ಬದಲಾಗುವುದಿಲ್ಲ. ಅದನ್ನು ಒರೆಸಿ ಮತ್ತೆ ಡಬ್ಬಿಗೆ ಹಾಕಿದಳು.

ಭಾನುವಾರ ನಾಲ್ಕು ಗಂಟೆಗೆ ಅಳಿಯ ಬಂದ, ಒಂದು ಪೆಟ್ಟಿಗೆ ಸೇಬು, ಪುಟ್ಟಿಗೆ ಒಂದು ಬೊಂಬೆ ಹಿಡಿದುಕೊಂಡು. ವಾಹನಗಳ ವಿಮೆ ಕಂಪನಿಯಲ್ಲಿ ಅವನ ಕೆಲಸ. ಗುದ್ದಿಸಿಕೊಂಡ ಕಾರುಗಳನ್ನು ನೋಡಿ, ಎಷ್ಟು ನಷ್ಟ ಎಂದು ಬರೆಯುವುದು. ಅರ್ಧ ಕಾರು ಅಪ್ಪಚ್ಚಿಯಾಗಿದ್ದರೂ ಸಣ್ಣ ತಗ್ಗು ಎಂದು ಬರೆಯುವುದರಲ್ಲಿ ನಿಸ್ಸೀಮ ಎಂದು ಅವನೇ ಹಿಂದೊಮ್ಮೆ ಹೆಮ್ಮೆಯಿಂದ ಹೇಳಿದ್ದ. ಒಗೆದ ಅಂಗಿ, ಬಾಚಿದ ತಲೆ, ಒಳ್ಳೆಯ ವಾಸನೆ. ಅತ್ತೆಯ ಕಾಲಿಗೆ ಬಗ್ಗಿದ. "ಏನೋ ಸಣ್ಣ ವಿಷಯ ಅತ್ತೆ, ದೊಡ್ಡದಾಗಿಬಿಡ್ತು" ಎಂದ. ಪುಟ್ಟಿ ಬೊಂಬೆಯನ್ನು ತೆಗೆದುಕೊಳ್ಳಲಿಲ್ಲ. ತಾಯಿಯ ಎಡಗಡೆಗೆ ಹೋಗಿ ಅಂಟಿಕೊಂಡಳು.

ಟಾಕೀಸಪ್ಪ ಎಲ್ಲವನ್ನೂ ಮೊದಲೇ ಗೊತ್ತುಮಾಡಿಟ್ಟಿದ್ದ. ಒಂದು ಸಿನಿಮಾ, ಆಮೇಲೆ ಊಟ, ಆಮೇಲೆ ಏಳೂವರೆಯ ಬಸ್ಸು. ಯಾವ ಸಿನಿಮಾ ಎಂದು ಕೇಳುವ ಹಾಗೇ ಇರಲಿಲ್ಲ. ಮಗಳಿಗೆ ಬುದ್ಧಿ ಬರಲಿ ಎಂದು ಕೆಂಪು ಸೂಟ್‌ಕೇಸಿನದನ್ನೇ ಆರಿಸಿದ್ದ. ಮಗಳು ಹೊರಡುವವಳಾದ್ದರಿಂದ ಅಂದಿನ ಅಡುಗೆ ಮತ್ತೆ ಲಾಂಡ್ರಿಯಮ್ಮನ ಪಾಲಿಗೆ ಬಂದಿತ್ತು. ಅಕ್ಕಿ ತೊಳೆದಿಟ್ಟಳು. ಆಲೂಗಡ್ಡೆಯನ್ನು ಬುಟ್ಟಿಯಿಂದ ತೆಗೆದು, ಮತ್ತೆ ಬುಟ್ಟಿಗೇ ಹಾಕಿದಳು. ಬಂದು ಕುರ್ಚಿಯಲ್ಲಿ ಕೂತಳು.

ಏಟು ಬಿತ್ತು. ಪುಟ್ಟಿಯ ಕೈ ಎದ್ದಿತು. ಅಳಿಯ ಅದನ್ನು ನೋಡಿ ಮುಖವನ್ನು ಟೀವಿಯ ಕಡೆಗೆ ತಿರುಗಿಸಿಕೊಂಡ. ಟಾಕೀಸಪ್ಪ ಅಂದು ಚಪ್ಪಾಳೆ ತಟ್ಟಲಿಲ್ಲ. ಅಷ್ಟರಮಟ್ಟಿಗೆ ಆತನಿಗೂ ಏನೋ ತಟ್ಟಿರಬೇಕು. ಆದರೆ ಒಂದು ಗಂಟೆ ನಲವತ್ತೆರಡು ನಿಮಿಷಕ್ಕೆ ಸರಿಯಾಗಿ ಹೆಂಡತಿಯ ಕಡೆ ನೋಡಿದ.

"ಹೊತ್ತಾಯ್ತು."

ಅವಳು ಏಳಲಿಲ್ಲ.

"ಹೊತ್ತಾಯ್ತು ಅಂದೆ."

"ಕೊನೆ ನೋಡ್ತಾ ಇದೀನಿ" ಎಂದಳು ಲಾಂಡ್ರಿಯಮ್ಮ.

ಮಗಳು ಮಾತ್ರ ಎದ್ದಳು. ಪುಟ್ಟಿಯನ್ನು ಕರೆದುಕೊಂಡು ಡಿಸ್ಕುಗಳ ಕೋಣೆಗೆ ಹೋದಳು, ಸೂಟ್‌ಕೇಸ್ ಅಲ್ಲಿತ್ತು. ಉಳಿದವರು ಕೂತರು. ಪರದೆಯ ಮೇಲೆ ಬಾಗಿಲು ಮುಚ್ಚಿತು, ಕೆಸರು ಒರೆಸಿದ್ದಾಯಿತು, ಒಡವೆಯ ಮಾತೂ ಬಂತು. ಅಳಿಯ ಮೆಚ್ಚುಗೆಯಿಂದ ನಕ್ಕು, "ಹಳೇ ಪಿಕ್ಚರ್ ಅಂದ್ರೆ ಹಳೇ ಪಿಕ್ಚರೇ ಮಾವ" ಎಂದ. ಟಾಕೀಸಪ್ಪ ಕೈ ಕೊಡವಿ ಎದ್ದ. "ನೋಡಿದ್ಯಲ್ಲ, ಎಲ್ಲಾ ಸರಿಹೋಯ್ತು. ಬಡಿಸು."

"ಅಡುಗೆ ಮಾಡಿಲ್ಲ."

ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಕೇಳದ ಮಾತು ಅದು.

"ಜಗಳ ಉಂಡು ಮಲಗೋ ತನಕ ಅಂದ್ರಲ್ಲ" ಎಂದಳು ಅವಳು. "ಇವತ್ತು ಉಣ್ಣಕ್ಕೆ ಏನೂ ಇಲ್ಲ."

ಹಾಗೆಂದು ಎದ್ದು, ಅಡುಗೆಮನೆಯಿಂದ ಮರದ ಸ್ಟೂಲು ತಂದು, ಡಿಸ್ಕುಗಳ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಹಾಕಿ, ಅದರ ಮೇಲೆ ಕೂತುಬಿಟ್ಟಳು. ಒಳಗೆ ಮಗಳು ಸೂಟ್‌ಕೇಸ್ ಎತ್ತಿ ಹೊರಡಲು ನಿಂತಿದ್ದಳು. ಅತ್ತ ಕಡೆ ಅಳಿಯ.

"ಅವಳು ಬರಲ್ಲ" ಎಂದಳು ಲಾಂಡ್ರಿಯಮ್ಮ.

ಟಾಕೀಸಪ್ಪನಿಗೆ ಕೋಪಕ್ಕಿಂತ ನಾಚಿಕೆ ಹೆಚ್ಚಾಯಿತು. ಅಳಿಯನ ಮುಂದೆ ಮರ್ಯಾದೆ ತೆಗೆಯಬೇಡ, ಏಳು ಎಂದ. ಅವಳು ಮಂಡಿ ನೋವು, ಏಳಲಿಕ್ಕಾಗುವುದಿಲ್ಲ ಎಂದಳು. ಅದು ನಿಜವೂ ಆಗಿತ್ತು. ದಿನಕ್ಕೆ ಎಂಟು ತಾಸು ಒದ್ದೆ ನೆಲದ ಮೇಲೆ ನಿಂತ ಮಂಡಿಗಳು ಅವು.

"ಅತ್ತೆ, ನೀವು ಹೇಳೋದಲ್ಲ, ಅವಳು ಹೇಳಲಿ" ಎಂದ ಅಳಿಯ. ದನಿ ಇನ್ನೂ ಮೆತ್ತಗೇ ಇತ್ತು.

ಲಾಂಡ್ರಿಯಮ್ಮ ಪರ್ಸು ತೆಗೆದು ನಾಲ್ಕು ಮಡಿಕೆಯ ಚೀಟಿಯನ್ನು ಬಿಚ್ಚಿ ಅವನ ಮುಂದೆ ಹಿಡಿದಳು. "ನೀವು ನಷ್ಟ ಬರೆಯೋರು. ಡಾಕ್ಟರು ಬರೆದಿದ್ದಾರೆ, ಓದಿ. ಇದಕ್ಕೆಷ್ಟು ಬರೀತೀರಿ?"

ಅವನು ಓದಿದ. ಮತ್ತೊಮ್ಮೆ ಓದಿದ. ಮೊಹರನ್ನು ಬೆರಳಿನಿಂದ ಉಜ್ಜಿ ನೋಡಿದ, ಕಾರಿನ ಬಣ್ಣ ಅಸಲಿಯೋ ಎಂದು ನೋಡುವವನ ಹಾಗೆ. ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗ ಬಂದು ಚೀಟಿಯನ್ನು ಅವನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು ತಾನೂ ಓದಿದ. ಓದಿ, ಅಮ್ಮನಿಗೆ ವಾಪಸು ಕೊಟ್ಟು, ಸ್ಟೂಲಿನ ಪಕ್ಕ ನಿಂತ.

ಒಳಗೆ ಸೂಟ್‌ಕೇಸನ್ನು ನೆಲಕ್ಕಿಟ್ಟ ಸದ್ದಾಯಿತು. "ನಾನು ಬರಲ್ಲ" ಎಂದಳು ಮಗಳು. ಮೊದಲು ಮೆಲ್ಲಗೆ ಹೇಳಿದಳು. ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ, ಇನ್ನೊಮ್ಮೆ ಜೋರಾಗಿ ಹೇಳಿದಳು.

ಆಗ ಅಳಿಯನ ಮುಖದ ಮೇಲಿನ ಮೆರುಗು ಹೋಯಿತು. ಹೆಣ್ಣು ಕೊಟ್ಟ ಮನೆಯ ಯೋಗ್ಯತೆ ಇಷ್ಟೇ ಎಂದು ಶುರುಮಾಡಿ, ಲಾಂಡ್ರಿಯವರ ಬುದ್ಧಿ ಇನ್ನೆಲ್ಲಿಗೆ ಹೋಗುತ್ತದೆ ಎಂಬಲ್ಲಿಗೆ ಮುಗಿಸಿದ. ಹಿಂದೊಂದು ಕಾಲದಲ್ಲಾದರೆ ಲಾಂಡ್ರಿಯಮ್ಮ ಅತ್ತಿರುತ್ತಿದ್ದಳು. ಈಗ ಆಸ್ಪತ್ರೆಯ ಕಾರಿಡಾರಿನಲ್ಲಿ ಬಂದು ಬಿದ್ದ ಕೊಳೆ ಬಟ್ಟೆಯ ಗಂಟನ್ನು ನೋಡುವಂತೆ ಅವನನ್ನು ನೋಡಿದಳು, ಯಾವ ನೀರಿಗೂ ಆಗದು, ಇದು ನೇರ ಬೆಂಕಿಗೆ ಎಂದು. ಅವನು ಚಪ್ಪಲಿ ಮೆಟ್ಟಿದ. ಮೆಟ್ಟಿಲಿಳಿದವನು ಮತ್ತೆ ಬಂದು ಸೇಬಿನ ಪೆಟ್ಟಿಗೆಯನ್ನು ಎತ್ತಿಕೊಂಡ, ಬೊಂಬೆಯನ್ನೂ ಬಿಡಲಿಲ್ಲ. ಟಾಕೀಸಪ್ಪ ಇದನ್ನು ಕಣ್ಣಾರೆ ಕಂಡ. ಬಾಯಿ ತೆರೆದ, ಯಾವ ಸಿನಿಮಾದ ಮಾತೂ ಒದಗಲಿಲ್ಲ, ಮುಚ್ಚಿದ.

ಪುಟ್ಟಿ ಅಜ್ಜಿಯ ತೋಳಿನ ಕೆಳಗಿಂದ ನುಸುಳಿ ಹೊರಗೆ ಬಂದಳು. ಸ್ಟೂಲನ್ನೂ ಅಜ್ಜಿಯನ್ನೂ ಒಮ್ಮೆ ಪರೀಕ್ಷೆ ಮಾಡುವವಳ ಹಾಗೆ ನೋಡಿದಳು.

"ಕಥೇಲಿ ಆ ಅಜ್ಜಿ ನಿಂತ್ಕೊಂಡಿದ್ಲು ಅಂತ ಅಮ್ಮ ಹೇಳಿದ್ಲು."

"ಆ ಅಜ್ಜಿಗೆ ಮಂಡಿ ಚೆನ್ನಾಗಿತ್ತು ಕಣೆ" ಎಂದಳು ಲಾಂಡ್ರಿಯಮ್ಮ.

ಬೆನ್ನ ಹಿಂದೆ ಮಗಳು ನಕ್ಕಳು. ನಗುತ್ತಲೇ ತಾಯಿಯ ಭುಜಕ್ಕೆ ಹಣೆ ಹಚ್ಚಿದಳು, ಆ ಜಾಗ ಒದ್ದೆಯಾಯಿತು. ಮಗ ಯಾರೂ ಹೇಳದೆಯೇ ಕೋಣೆಯೊಳಗೆ ಹೋಗಿ ಮೊದಲನೆಯ ಪೆಟ್ಟಿಗೆಯನ್ನು ಎತ್ತಿದ. ಓಡುತ್ತೋ ಇಲ್ಲವೋ ಎಂದು ಅಂದು ಯಾರೂ ಕೇಳಲಿಲ್ಲ.

ಟಾಕೀಸಪ್ಪ ಹಜಾರದ ನಡುವೆ ನಿಂತಿದ್ದ. ಟೀವಿಯ ಮೇಲೆ ಬರೀ ನೀಲಿ ಬೆಳಕಿತ್ತು. ಬೀದಿಯ ಕಡೆ ನೋಡಿದ, ಪೆಟ್ಟಿಗೆ ಹೊತ್ತ ಮಗನನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

"ಈಗೇನು ಹಂಗಾದ್ರೆ?" ಎಂದ. ದನಿ ಸಣ್ಣದಾಗಿತ್ತು.

ಲಾಂಡ್ರಿಯಮ್ಮ ಸ್ಟೂಲಿನಿಂದ ಏಳಲಿಲ್ಲ.

"ಎಲ್ಲಾ ಸರಿಹೋಯ್ತು" ಎಂದಳು. "ಅಕ್ಕಿ ತೊಳೆದಿಟ್ಟಿದೀನಿ. ಹೋಗಿ ಒಲೆ ಹಚ್ಚಿ."